ರಾಜಪಾರ್ಟಿನ ಮೇಲಿನ ಸ

ಹಾರ್ಮೋನಿಯಂ ಪುಟ್ಟರಾಜು ಮೇಷ್ಟ್ರು ಅಂದರೆ ಮಳವಳ್ಳಿ ಸೀಮೆಯಲ್ಲಿ ಗೊತ್ತಿಲ್ಲದವರು ಯಾರು? ಇತ್ತ ನಿಡಘಟ್ಟದಿಂದ ಅತ್ತ ಬ್ಲಫ್‌ವರೆಗೆ ಅವರ ಹಾರ್ಮೋನಿಯಂ ಪೆಟ್ಟಿಗೆ ಇಳಿಯದ ಊರಿಲ್ಲ. ಕರೆಂಟು ತಯಾರು ಮಾಡುವ ಬ್ಲಫ್‌ನ ನೌಕರರು ಸೇರಿಕೊಂಡು ಪೌರಾಣಿಕ ನಾಟಕ ಆಡಿದಾಗಲೂ ಇವರೇ ಬೇಕಾದರು. ಹಾಲಿನ ಡೇರಿ ಸೆಕ್ರೆಟರಿ, ಆಲೆಮನೆ ಯಜಮಾನ, ಬಸ್ ಕಂಡಕ್ಟರು, ಪಂಚಾಯ್ತಿ ಬಿಲ್ ಕಲೆಕ್ಟರು, ಹೀಗೆ ನಲವತ್ತು ವರ್ಷದಲ್ಲಿ ಅವರು ರಂಗದ ಮೇಲೆ ರಾಜ ಮಾಡಿದವರನ್ನೆಲ್ಲ ಒಂದೆಡೆ ನಿಲ್ಲಿಸಿದರೆ ಸಂತೆಮಾಳ ತುಂಬಿಹೋದೀತು.

ನಮ್ಮ ಕಡೆಯ ನಾಟಕದ ಕಟ್ಟಳೆಯನ್ನು ಬೇರೆ ಸೀಮೆಯವರಿಗೆ ಹೇಳಿದರೆ ನಗುತ್ತಾರೆ. ಅಲ್ಲೆಲ್ಲ ಪಾರ್ಟು ಮಾಡಿದವನಿಗೆ ದುಡ್ಡು ಕೊಡುತ್ತಾರಂತೆ. ಇಲ್ಲಿ ಪಾರ್ಟು ಮಾಡುವವನೇ ದುಡ್ಡು ಹಾಕಬೇಕು. ಸೀನರಿಯವನಿಗೆ, ಮೈಕಿನವನಿಗೆ, ಹೆಣ್ಣು ಪಾರ್ಟಿಗೆ ಬರುವ ಕಲಾವಿದೆಯರಿಗೆ, ಕಲಿಸಿದ ಮೇಷ್ಟ್ರಿಗೆ, ಎಲ್ಲಕ್ಕೂ ಆ ದುಡ್ಡೇ. ರಾಜಪಾರ್ಟಿಗೆ ಎಲ್ಲಕ್ಕಿಂತ ಜಾಸ್ತಿ, ಮಂತ್ರಿಗೆ ಅದರಲ್ಲಿ ಅರ್ಧ, ಸಾರಥಿಗೆ ಕಾಲು. ಬಾಗಿಲು ಕಾಯುವ ಭಟನ ಪಾರ್ಟು ಮಾತ್ರ ಪುಕ್ಕಟೆ. ಯಾರು ಹೆಚ್ಚು ಹಾಕುತ್ತಾರೋ ಅವರ ತಲೆಗೆ ಕಿರೀಟ. ಗಂಟಲು ಹೇಗಿದೆ ಅಂತ ಕೇಳುವ ಪದ್ಧತಿಯೇ ಇಲ್ಲ. ಕೇಳಿದರೆ ಅದು ಅವಮಾನ.

ಪುಟ್ಟರಾಜು ಹದಿನಾರರ ಹುಡುಗನಾಗಿದ್ದಾಗ ಅವರ ಊರಿನಲ್ಲಿ ಅವರಷ್ಟು ಚೆನ್ನಾಗಿ ಹಾಡುವವರು ಇರಲಿಲ್ಲ. ಸಿಕ್ಕಿದ್ದು ಭಟನ ಪಾರ್ಟು. ಭರ್ಜಿ ಹಿಡಿದು ಮೂರು ರಾತ್ರಿ ನಿಂತರು, ಬಾಯಿ ಬಿಡುವ ಹಾಗಿಲ್ಲ. ನಾಲ್ಕನೇ ದಿನ ಹೋಗಿ ಮದ್ದೂರಿನ ಒಬ್ಬ ಹಾರ್ಮೋನಿಯಂ ವಿದ್ವಾಂಸರ ಕಾಲಿಗೆ ಬಿದ್ದರು. ಬಾಯಲ್ಲಿ ಹಾಡಲು ದುಡ್ಡು ಬೇಕು, ಬೆರಳಲ್ಲಿ ಹಾಡಲು ಬೇಡವಲ್ಲ ಎಂಬುದು ಆ ಹುಡುಗನ ಲೆಕ್ಕಾಚಾರ. ಆ ಲೆಕ್ಕ ತಪ್ಪಲಿಲ್ಲ ಅನ್ನಿ.

ಆದರೆ ಮೇಷ್ಟ್ರಿಗೆ ಹೆಸರು ಬಂದದ್ದು ಬರೀ ಬೆರಳಿನಿಂದಲ್ಲ, ಅವರ ಒಂದು ಗುಟ್ಟಿನಿಂದ. ದುಡ್ಡು ಹಾಕಿ ರಾಜನಾದವರಲ್ಲಿ ಹತ್ತಕ್ಕೆ ಏಳು ಮಂದಿಗೆ ಸ ಯಾವುದು ಪ ಯಾವುದು ಗೊತ್ತಿರುವುದಿಲ್ಲ. ಹಾಡು ಏರಿ ಏರಿ ಮೇಲಿನ ಸ ಮುಟ್ಟಬೇಕಾದ ಜಾಗದಲ್ಲಿ ಎಲ್ಲರೂ ಜಾರಿ ಬೀಳುವವರೇ. ಮೇಷ್ಟ್ರು ಅಂಥವರಿಗೆ ಮೊದಲ ದಿನವೇ ಹೇಳಿಕೊಡುತ್ತಿದ್ದರು: ಆ ಜಾಗಕ್ಕೆ ಬಂದಾಗ ಬಾಯಿ ಅಗಲ ತೆರೆಯಿರಿ, ಬಲಗೈ ಮೇಲೆತ್ತಿ, ಕಣ್ಣು ಮುಚ್ಚಿ, ಮಿಕ್ಕಿದ್ದು ನನಗೆ ಬಿಡಿ. ಅಷ್ಟು ಹೊತ್ತಿಗೆ ಅವರ ಕಾಲು ಜೋರಾಗಿ ತಿದಿ ಒತ್ತುತ್ತಿತ್ತು, ಎರಡೂ ಕೈ ಪೆಟ್ಟಿಗೆಯ ಮೇಲೆ ಓಡುತ್ತಿದ್ದವು, ಮೇಲಿನ ಸ ಪೆಟ್ಟಿಗೆಯಿಂದ ಚಿಮ್ಮಿ ಬರುತ್ತಿತ್ತು. ಜನ ಶಿಳ್ಳೆ ಹೊಡೆಯುತ್ತಿದ್ದರು. ರಾಜ ಕಣ್ಣು ಬಿಟ್ಟು ನೋಡಿದರೆ ಊರಿಗೆ ಊರೇ ಚಪ್ಪಾಳೆ ತಟ್ಟುತ್ತಿದೆ. ತನ್ನ ಗಂಟಲಿಗೇ ತಟ್ಟುತ್ತಿದ್ದಾರೆ ಅಂದುಕೊಳ್ಳದೆ ಇರಲು ಅವನೇನು ಸನ್ಯಾಸಿಯೇ?

ಹಾಗೆ ಅಂದುಕೊಂಡವರಲ್ಲಿ ಮೊದಲನೆಯವರು ಕೆಂಪರಾಜು. ತೋಟ, ಗದ್ದೆ, ಪೇಟೆಯಲ್ಲಿ ಗೊಬ್ಬರದ ಅಂಗಡಿ, ಈಗ ಪುರಸಭೆ ಸದಸ್ಯಗಿರಿ. ಮೂವತ್ತು ವರ್ಷ ಎಡೆಬಿಡದೆ ರಾಜಪಾರ್ಟು ಮಾಡಿದವರು. ಜನ ಅವರನ್ನು ಕರೆಯುವುದೇ ರಾಜಪಾರ್ಟ್ ಕೆಂಪರಾಜು ಅಂತ. ಮೂವತ್ತು ವರ್ಷವೂ ಪುಟ್ಟರಾಜು ಮೇಷ್ಟ್ರದೇ ಪೆಟ್ಟಿಗೆ, ಮೂವತ್ತು ವರ್ಷವೂ ಮೇಲಿನ ಸ ಪೆಟ್ಟಿಗೆಯದೇ. ಮನುಷ್ಯ ಕೆಟ್ಟವರಲ್ಲ, ಧಾರಾಳಿ. ಆದರೆ ಹಾಡಿನ ವಿಷಯಕ್ಕೆ ಬಂದರೆ ಸಾಕು, ಎದೆ ಒಂದು ಗೇಣು ಮುಂದೆ ಬರುತ್ತಿತ್ತು. ಪುರಸಭೆಯ ಮೀಟಿಂಗಿನಲ್ಲಿ ಚರಂಡಿಯ ಮಾತಾಡುವ ಮುಂಚೆಯೂ ಒಂದು ಪದ್ಯದ ಎರಡು ಸಾಲು ಹಾಡಿಯೇ ಶುರು ಮಾಡುವರು. ಅಲ್ಲಿ ಪೆಟ್ಟಿಗೆ ಇರುತ್ತಿರಲಿಲ್ಲ, ಎರಡೇ ಸಾಲಿಗೆ ನಿಲ್ಲಿಸುತ್ತಿದ್ದದ್ದರಿಂದ ಮೇಲಿನ ಸ ಬರುತ್ತಲೂ ಇರಲಿಲ್ಲ, ಹಾಗಾಗಿ ಬಚಾವು.

ಮಕ್ಕಳಿಗೆ ಕಲೆ ಕಲಿಸಲು ಪುರಸಭೆಯ ಬಜೆಟ್ಟಿನಲ್ಲಿ ದುಡ್ಡು ಇಡಿಸಿದವರೂ ಈ ಕೆಂಪರಾಜುವೇ. ರಸ್ತೆಗೆ ದುಡ್ಡು, ದೀಪಕ್ಕೆ ದುಡ್ಡು, ಕಲೆಗೆ ಯಾಕಿಲ್ಲ, ನಾನೊಬ್ಬ ಕಲಾವಿದನಾಗಿ ಕೇಳುತ್ತಿದ್ದೇನೆ ಅಂತ ಎದೆ ತಟ್ಟಿಕೊಂಡು ಹೋದ ವರ್ಷ ಹಟ ಹಿಡಿದು ಕೂತರು. ಮಿಕ್ಕ ಸದಸ್ಯರಿಗೆ ಅದರ ಮೇಲೆ ಪ್ರೀತಿಯೂ ಇರಲಿಲ್ಲ, ದ್ವೇಷವೂ ಇರಲಿಲ್ಲ. ಇವರ ಕಾಟ ತಡೆಯದೆ ಒಪ್ಪಿದರು, ಒಂದು ವರ್ಷಕ್ಕೆ ಮಾತ್ರ, ಮುಂದಿನದು ಮುಂದೆ ನೋಡೋಣ ಅಂತ. ಹೀಗೆ ಪುರಸಭೆಯ ಹಿಂದಿನ ಹಳೇ ಭವನದಲ್ಲಿ ಶನಿವಾರ ಭಾನುವಾರ ಸಂಜೆ ಮಕ್ಕಳ ನಾಟಕದ ತರಗತಿ ಶುರುವಾಯಿತು. ಮೇಷ್ಟ್ರು ಪುಟ್ಟರಾಜು. ಗಣರಾಜ್ಯೋತ್ಸವದ ದಿನ ಪ್ರದರ್ಶನ.

ಮೊದಲ ವಾರವೇ ಎಡವಟ್ಟು. ಹದಿನೆಂಟು ಮಕ್ಕಳು ಸೇರಿದ್ದರು. ಸೇರಿದ ಮಾರನೇ ಬೆಳಗ್ಗೆ ಮೇಷ್ಟ್ರ ಮನೆ ಮುಂದೆ ಅವರ ಅಪ್ಪ ಅಮ್ಮಂದಿರ ಸಾಲು. ಒಬ್ಬರ ಕೈಯಲ್ಲಿ ಎಲೆ ಅಡಿಕೆಯ ತಟ್ಟೆ, ಅದರ ಮೇಲೆ ಮಡಿಸಿಟ್ಟ ನೋಟು. ಇನ್ನೊಬ್ಬರ ಕೈಯಲ್ಲಿ ಎರಡು ಸೇರು ತುಪ್ಪ. ಬಸ್‌ಸ್ಟ್ಯಾಂಡಿನ ಹಣ್ಣಿನಂಗಡಿ ಚಲುವಮ್ಮ, ತನ್ನ ಮಗನಿಗೆ ಮಂತ್ರಿ ಪಾರ್ಟಾದರೂ ಸರಿ, ಕಂತಿನಲ್ಲಿ ಕೊಡಬಹುದಾ ಅಂತ ಕೇಳಿದಳು. ಪುರಸಭೆ ಪುಕ್ಕಟೆ ಕಲಿಸುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಕಲಿಸುವುದು ಪುಕ್ಕಟೆ, ಸರಿ. ಪಾರ್ಟು ಹೇಗೆ ಪುಕ್ಕಟೆ ಆಗುತ್ತದೆ? ಅದು ಮಾತ್ರ ಯಾರ ತಲೆಗೂ ಹೋಗಲಿಲ್ಲ.

ನಿಜ ಹೇಳಬೇಕೆಂದರೆ ಮೇಷ್ಟ್ರ ತಲೆಗೂ ಹೋಗಿರಲಿಲ್ಲ. ಎಲ್ಲರನ್ನೂ ವಾಪಸು ಕಳಿಸಿ ನೇರ ಪುರಸಭೆಗೆ ಹೋದರು. ಈ ಕಾರ್ಯಕ್ರಮ ನೋಡಿಕೊಳ್ಳುತ್ತಿದ್ದ ಅಧಿಕಾರಿ ವನಜಾ, ಮೂವತ್ತೈದರ ಹೆಣ್ಣುಮಗಳು, ಮಾತು ಕಡಿಮೆ, ಕೆಲಸ ಚುರುಕು. ಯಾರಿಂದಲೂ ಒಂದು ಬಾಳೆಹಣ್ಣೂ ಮುಟ್ಟಕೂಡದು, ಇದು ಊರಿನವರ ತೆರಿಗೆ ದುಡ್ಡಿನ ತರಗತಿ ಅಂತ ಆಕೆ ಖಡಾಖಂಡಿತವಾಗಿ ಹೇಳಿದಳು.

"ಅದು ಸರಿ ಮೇಡಂ, ದುಡ್ಡಿಲ್ದೆ ಪಾರ್ಟು ಯಾರ್‍ಗೆ ಅಂತ ಎಂಗೆ ತೀರ್ಮಾನ ಮಾಡದು?" ಅಂದರು ಮೇಷ್ಟ್ರು.

ವನಜಾ ಫೈಲಿನಿಂದ ತಲೆ ಎತ್ತಿ, ಇವರು ತಮಾಷೆ ಮಾಡುತ್ತಿದ್ದಾರೇನೋ ಅಂತ ಒಂದು ಗಳಿಗೆ ನೋಡಿದಳು. "ಯಾರು ಚೆನ್ನಾಗಿ ಹಾಡ್ತಾರೋ ಅವರಿಗೆ ಕೊಡಿ ಮೇಷ್ಟ್ರೇ."

ಮೇಷ್ಟ್ರು ಹೊರಗೆ ಬಂದು ಆಲದ ಮರದ ಕಟ್ಟೆಯ ಮೇಲೆ ಕೂತುಬಿಟ್ಟರು. ನಲವತ್ತು ವರ್ಷದಲ್ಲಿ ಈ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಹದಿನಾರನೇ ವಯಸ್ಸಿನಲ್ಲಿ ಯಾರಾದರೂ ಹೇಳಿದ್ದರೆ ಅಂತ ಒಂದು ಯೋಚನೆ ಬಂತು. ಎದ್ದು ಒಂದು ಟೀ ಕುಡಿದು ಮನೆಗೆ ನಡೆದರು.

ಮಕ್ಕಳಿಗಾಗಿ ಅವರೇ ಒಂದು ನಾಟಕ ಬರೆದಿದ್ದರು. ಬಾಯಾರಿದ ನಾಡಿಗೆ ನದಿಯನ್ನು ಬೇಡಿ ಕರೆತರುವ ರಾಜನ ಕತೆ. ಅದರಲ್ಲಿ ರಾಜ ಹೊಳೆಯ ದಂಡೆಯಲ್ಲಿ ನಿಂತು, 'ಬಾರೇ ತಾಯಿ ನನ್ನೂರಿಗೆ, ಬಾಯಾರಿದ ಬಯಲಿಗೆ' ಅಂತ ಕರೆಯುವ ಹಾಡು. ಕರೆಯುತ್ತಾ ಕರೆಯುತ್ತಾ ಏರಿ, 'ತಾಯಿ' ಅನ್ನುವಲ್ಲಿ ಮೇಲಿನ ಸ. ಎರಡು ವಾರ ಎಲ್ಲ ಮಕ್ಕಳಿಂದಲೂ ಹಾಡಿಸಿದರು. ಆ ಜಾಗವನ್ನು ಸಲೀಸಾಗಿ ಮುಟ್ಟಿದ್ದು ಒಬ್ಬಳೇ, ದೀಪಿಕ. ಏಳನೇ ಕ್ಲಾಸು. ಅವಳ ತಾಯಿ ಶಿವನಂಜಮ್ಮ ಸರ್ಕಾರಿ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದಳು. ಹುಡುಗಿ ಮಾತಾಡಿದರೆ ಪಕ್ಕದವರಿಗೂ ಕೇಳಿಸುವುದಿಲ್ಲ. ಹಾಡಿದರೆ ಮಾತ್ರ ಭವನದ ಮೂಲೆ ಮೂಲೆಗೂ ಹೋಗುತ್ತದೆ. ಹೆಣ್ಣುಮಗು ರಾಜ ಆಗಬಹುದಾ ಅನ್ನುವ ಅನುಮಾನ ಮೇಷ್ಟ್ರಿಗೆ ಬರಲಿಲ್ಲ. ಮೀಸೆ ಬೋಳಿಸಿಕೊಂಡು ರಾಣಿಯಾದ ಗಂಡಸರನ್ನು ಅವರು ಬೇಕಾದಷ್ಟು ನೋಡಿದ್ದರು.

ಪಾರ್ಟು ಹಂಚುವ ಹಿಂದಿನ ದಿನ ಕೆಂಪರಾಜು ಮನೆಗೆ ಬಂದರು. ಬರಿಗೈಯಲ್ಲೇ ಬಂದಿದ್ದರು, ಕಾನೂನು ಅವರಿಗೂ ಗೊತ್ತಿತ್ತು. ಹೊಂಬಾಳಮ್ಮ, ಅಂದರೆ ಮೇಷ್ಟ್ರ ಹೆಂಡತಿ, ಕಾಫಿ ತಂದಿಟ್ಟಳು. ಕೆಂಪರಾಜು ಕಾಫಿ ಹೀರಿ, ತೊಡೆ ತಟ್ಟಿ, ಹೇಳಿದರು:

"ಮೇಷ್ಟ್ರೇ, ನಮ್ ಪುನೀತಂಗೆ ರಾಜಪಾರ್ಟು ಅಂತ ಬರ್ಕಬುಡಿ. ನನ್ ಕಂಠನೇ ಬಂದದೆ ಮೊಮ್ಮಗನ್‌ಗೆ."

ಅದು ನೂರಕ್ಕೆ ನೂರು ಸತ್ಯ. ಅದೇ ತಾಪತ್ರಯ. ಪುನೀತ್ ಎಂಟನೇ ಕ್ಲಾಸಿನ ಗುಂಡು ಗುಂಡಗಿನ ಹುಡುಗ, ಒಳ್ಳೆಯವನು, ಎಲ್ಲರನ್ನೂ ನಗಿಸುವವನು. ಹಾಡಲು ಬಾಯಿ ತೆರೆದರೆ ಅವನ ತಾತನೇ. ಮೇಷ್ಟ್ರು ಏನೂ ಹೇಳಲಿಲ್ಲ. ಕೆಂಪರಾಜು ಅದನ್ನೇ ಒಪ್ಪಿಗೆ ಅಂದುಕೊಂಡು, ಫೆಬ್ರವರಿಯಲ್ಲಿ ಬಜೆಟ್ ಮೀಟಿಂಗು ಬರುತ್ತದೆ, ಮುಂದಿನ ವರ್ಷದ್ದನ್ನೂ ಗಟ್ಟಿ ಮಾಡಿಸಿಬಿಡುತ್ತೇನೆ, ನೀವೇನೂ ತಲೆ ಕೆಡಿಸಿಕೊಳ್ಳಬೇಡಿ ಅಂದು ಎದ್ದರು. ಬೆದರಿಕೆ ಅಲ್ಲ ಅದು. ಪಾಪ, ಪ್ರೀತಿಯಿಂದಲೇ ಹೇಳಿದ್ದು. ಆದರೆ ಮೇಷ್ಟ್ರಿಗೆ ಎರಡು ಮಾತೂ ಒಂದೇ ಉಸಿರಿನಲ್ಲಿ ಬಂದದ್ದು ಕೇಳಿಸಿತ್ತು.

ಕೆಂಪರಾಜು ಅವರ ಸ್ಕೂಟರ್ ಗೇಟು ದಾಟಿದ್ದೇ ತಡ ಹೊಂಬಾಳಮ್ಮ ಶುರು ಮಾಡಿದಳು.

"ನಲ್ವತ್ತು ವರ್ಸ ಕಂಡ್ಕಂಡೋರ್‍ನೆಲ್ಲ ರಾಜ ಮಾಡೀರಿ. ಇದೊಂದು ಹುಡ್ಗನ್ನ ಮಾಡ್ಬುಟ್ರೆ ನಿಮ್ ಪೆಟ್ಗೆ ಸವ್ದೋಯ್ತದಾ?"

ಆಕೆಯ ಮಾತಿನಲ್ಲಿ ತಿರುಳಿತ್ತು. ಕೆಂಪರಾಜು ಮುನಿಸಿಕೊಂಡರೆ ಮೀಟಿಂಗಿನಲ್ಲಿ ಈ ತರಗತಿಯ ಪರವಾಗಿ ಬಾಯಿ ಬಿಡುವವರು ಇನ್ನೊಬ್ಬರಿಲ್ಲ. ಒಂದು ಹುಡುಗಿಗೆ ಈ ವರ್ಷ ಕಿರೀಟ ಹಾಕಲು ಹೋಗಿ ಮುಂದಿನ ವರ್ಷ ಹದಿನೆಂಟು ಮಕ್ಕಳ ಬಾಗಿಲು ಮುಚ್ಚುವುದೇ? ದೀಪಿಕಳಿಗೂ ಅದರಿಂದ ಬರುವುದೇನು? ರಾಣಿ ಪಾರ್ಟು ಕೊಡಿ, ಹಾಡು ಅದರಲ್ಲೂ ಇದೆ ಅಂದಳು ಹೊಂಬಾಳಮ್ಮ. ಮೇಷ್ಟ್ರು ಮಾರನೇ ದಿನ ಪುನೀತನ ಹೆಸರಿನ ಮುಂದೆ ರಾಜ ಅಂತ ಬರೆದರು.

ನವೆಂಬರ್ ಕಳೆಯಿತು. ಪುನೀತ್ ಹಾಡುವನು, ಮೇಲಿನ ಸ ಹತ್ತಿರ ಬಂದರೆ ಬಾಯಿ ತೆರೆದು ಕೈ ಎತ್ತುವನು, ಪೆಟ್ಟಿಗೆ ಹಾಡುವುದು. ಎಲ್ಲ ಹಳೇ ಪ್ರಕಾರ. ಒಂದು ಶನಿವಾರ ಮಂತ್ರಿ ಪಾರ್ಟಿನ ಹುಡುಗ, ಅಂದರೆ ಚಲುವಮ್ಮನ ಮಗ, ತನ್ನ ಹಾಡಿನ ಎತ್ತರದ ಜಾಗಕ್ಕೆ ಬಂದವನು ಹಾಡುವುದನ್ನು ನಿಲ್ಲಿಸಿ ಕೈ ಎತ್ತಿ ನಿಂತ. ಮೇಷ್ಟ್ರು ನುಡಿಸಲಿಲ್ಲ. ಹುಡುಗ ಒಂದು ಕಣ್ಣು ಬಿಟ್ಟು, "ನುಡ್ಸಿ ಸಾರ್" ಅಂದ. ಮಿಕ್ಕವರು ನಕ್ಕರು, ಮೇಷ್ಟ್ರೂ ನಕ್ಕರು. ಮುಂದಿನ ವಾರ ಸಾರಥಿ ಹಾಗೇ ಮಾಡಿದ. ಅದರ ಮುಂದಿನ ವಾರ ಸಖಿಯರು ನಾಲ್ವರೂ ಸಾಲಾಗಿ ಬಾಯಿ ತೆರೆದು ಕೈ ಎತ್ತಿದರು. ಮಕ್ಕಳು ಅಂದುಕೊಂಡಿದ್ದು ಇಷ್ಟೇ: ಹಾಡು ಅಂದರೆ ಹೀಗೆ. ಕಷ್ಟದ ಜಾಗ ಬಂದಾಗ ಸುಮ್ಮನೆ ಬಾಯಿ ತೆರೆಯಬೇಕು.

ಮೇಷ್ಟ್ರ ನಗು ಅಲ್ಲಿಗೆ ನಿಂತಿತು. ಆ ಸಂಜೆ ಕೊನೆಗೆ ರಾಣಿಯ ಹಾಡು. ದೀಪಿಕ ಎದ್ದು ನಿಂತಳು, ಇಂಪಾಗಿ ಶುರು ಮಾಡಿದಳು, ಏರಿದಳು, ಮೇಲಿನ ಸ ಇನ್ನೇನು ಬರಬೇಕು, ಆ ಮಗು ಬಾಯಿ ತೆರೆದು, ಕೈ ಎತ್ತಿ, ಸುಮ್ಮನಾಯಿತು.

ಯಾಕವ್ವ ನಿಲ್ಲಿಸಿದೆ, ನಿನಗೆ ಬರುತ್ತಿತ್ತಲ್ಲ ಅಂತ ಮೇಷ್ಟ್ರು ಕೇಳಿದರು. ರಾಜಪಾರ್ಟಿನವರು ಹಾಗೇ ಮಾಡುತ್ತಾರಲ್ಲ ಸಾರ್, ಅದೇ ಸರಿ ಅಂದುಕೊಂಡೆ ಅಂದಳು ಹುಡುಗಿ, ತಪ್ಪು ಮಾಡಿದವಳ ಹಾಗೆ ನೆಲ ನೋಡುತ್ತಾ.

ಆ ದಿನ ಮೇಷ್ಟ್ರು ಊಟಕ್ಕೆ ಕೂತರೂ ಮುದ್ದೆ ಇಳಿಯಲಿಲ್ಲ. ಇಷ್ಟು ವರ್ಷ ದೊಡ್ಡವರನ್ನು ಏಮಾರಿಸಿದ್ದಾಯಿತು. ಅವರು ದುಡ್ಡು ಕೊಟ್ಟು ಏಮಾರಿದವರು, ಅವರಿಗೂ ಖುಷಿ, ಇವರಿಗೂ ಹೊಟ್ಟೆಪಾಡು. ಈ ಮಗು ಏನು ಕೊಟ್ಟಿತ್ತು? ಬರುತ್ತಿದ್ದ ಸ್ವರವನ್ನೂ ಇವರ ಕೈಗೆ ಕೊಟ್ಟುಬಿಟ್ಟಿತ್ತು. ಊರಿನವರ ದುಡ್ಡಿನಲ್ಲಿ ಮಕ್ಕಳಿಗೆ ಹಾಡದೆ ಬಾಯಿ ತೆರೆಯುವುದನ್ನು ಕಲಿಸುತ್ತಿದ್ದೇನೆ ಅಂತ ಅವರಿಗೆ ಅವರ ಮೇಲೆಯೇ ಹೇಸಿಗೆಯಾಯಿತು. ಹೊಂಬಾಳಮ್ಮ ಕೇಳಿದಳು. ಹೇಳಿದರು. ಆಕೆ ತಟ್ಟೆ ಎತ್ತಿಟ್ಟು, ನಾನು ಆವತ್ತು ಹೇಳಿದ್ದು ಮರೆತುಬುಡಿ ಅಂದಳು.

ಮುಂದಿನ ಶನಿವಾರ ಮೇಷ್ಟ್ರು ಪೆಟ್ಟಿಗೆಯ ಮುಚ್ಚಳ ತೆಗೆಯಲಿಲ್ಲ. ಇವತ್ತು ಎಲ್ಲರೂ ಬರೀ ಗಂಟಲಲ್ಲಿ ಹಾಡಿ ಅಂದರು. ಅದೇ ದಿನ, ಮೊಮ್ಮಗನ ಅಭ್ಯಾಸ ನೋಡಲು ಕೆಂಪರಾಜು ಬರಬೇಕೇ? ಬಂದರು, ಬಿಳಿ ಪಂಚೆ, ಬಿಳಿ ಶರ್ಟು, ಮುಂದಿನ ಕುರ್ಚಿ ಎಳೆದುಕೊಂಡು ಕೂತರು. ಮೇಷ್ಟ್ರ ಕೈ ಒಂದು ಕ್ಷಣ ಮುಚ್ಚಳದ ಕಡೆ ಹೋಯಿತು. ತಡೆದುಕೊಂಡರು. ಒಬ್ಬೊಬ್ಬರಾಗಿ ಮಕ್ಕಳು 'ಬಾರೇ ತಾಯಿ' ಹಾಡಿದರು. ಒಬ್ಬ ಕೆಮ್ಮಿ ನಿಲ್ಲಿಸಿದ, ಇನ್ನೊಬ್ಬಳು ನಕ್ಕು ಕೂತಳು. ದೀಪಿಕಳ ಸರದಿ ಬಂದಾಗ ಮೇಷ್ಟ್ರು, ಕೈ ಎತ್ತಬೇಡ ಕಣವ್ವ, ಹಾಡು ಅಂದರು. ಹುಡುಗಿ ಹಾಡಿದಳು. ಆ ಸ್ವರ ಮುಟ್ಟಿ ಅಲ್ಲೇ ನಿಂತಾಗ ಹೊರಗೆ ಗಾಡಿ ನಿಲ್ಲಿಸುತ್ತಿದ್ದವನೊಬ್ಬ ಕಿಟಕಿಯಿಂದ ಇಣುಕಿ ನೋಡಿದ.

ಆಮೇಲೆ ಪುನೀತ್. ಅರ್ಧ ಹಾಡಿಗೇ ಶ್ರುತಿ ತಪ್ಪಿ, ಮೇಲಿನ ಸ ಹತ್ತಿರ ಬಂದು, ಅಭ್ಯಾಸದಂತೆ ಬಾಯಿ ತೆರೆದು ಕೈ ಎತ್ತಿದ. ಏನೂ ಕೇಳಿಸಲಿಲ್ಲ. ಫ್ಯಾನಿನ ಸದ್ದು ಮಾತ್ರ.

ಕೆಂಪರಾಜುಗೆ ಸಿಟ್ಟು ಬಂತು. ಪೆಟ್ಟಿಗೆ ಇಲ್ಲದೆ ಯಾವನು ಹಾಡುತ್ತಾನೆ, ಹುಡುಗನನ್ನು ಯಾಕೆ ಹೀಗೆ ನಿಲ್ಲಿಸಿ ಮರ್ಯಾದೆ ಕಳೆಯುತ್ತೀರಿ, ನನಗೆ ನುಡಿಸುತ್ತಿದ್ದ ಹಾಗೆ ಅವನಿಗೂ ನುಡಿಸಿ ಅಂದರು.

ಮೇಷ್ಟ್ರು ಒಂದು ಗಳಿಗೆ ಅವರ ಮುಖ ನೋಡಿದರು. ಆಮೇಲೆ ಮುಚ್ಚಳ ತೆಗೆದು, ಮೂವತ್ತು ವರ್ಷ ನುಡಿಸಿದ ಹಾಗೆಯೇ ನುಡಿಸಿದರು. ಒಂದು ಕೂದಲೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ಪುನೀತ್ ಬಾಯಿ ತೆರೆದ, ಕೈ ಎತ್ತಿದ, ಮೇಲಿನ ಸ ಭವನದ ತುಂಬ ಮೊಳಗಿತು.

ಕೆಂಪರಾಜು ತಮ್ಮ ಬದುಕಿನಲ್ಲಿ ಆ ಸ್ವರವನ್ನು ರಂಗದ ಮೇಲೆ ನಿಂತು ಮಾತ್ರ ಕೇಳಿದ್ದರು. ಕಣ್ಣು ಮುಚ್ಚಿ ಕೇಳಿದ್ದರು. ಎದುರಿಗೆ ಕುರ್ಚಿ ಹಾಕಿಕೊಂಡು, ಕಣ್ಣು ಬಿಟ್ಟುಕೊಂಡು ಕೇಳಿದ್ದು ಇದೇ ಮೊದಲು. ತೆರೆದ ಬಾಯಿ ಒಂದು ಕಡೆ, ಸ್ವರ ಬರುತ್ತಿರುವುದು ಇನ್ನೊಂದು ಕಡೆ. ಇನ್ನೊಂದು ಸಲ ಅಂದರು. ಮೇಷ್ಟ್ರು ಇನ್ನೊಂದು ಸಲ ನುಡಿಸಿದರು. ಹುಡುಗ ಇನ್ನೊಂದು ಸಲ ಕೈ ಎತ್ತಿದ. ಕೆಂಪರಾಜು ಎದ್ದು ಪೆಟ್ಟಿಗೆಯ ಹತ್ತಿರ ಬಂದು ಬಗ್ಗಿದರು. ದನಿ ಮಕ್ಕಳಿಗೆ ಕೇಳಿಸದಷ್ಟು ಸಣ್ಣದಾಗಿತ್ತು.

"ನಂಗೂ ಇಂಗೇ ನುಡುಸ್ತಿದ್ರಾ ಮೇಷ್ಟ್ರೇ?"

ಇಲ್ಲ ಅನ್ನಬಹುದಿತ್ತು. ಒಂದೇ ಮಾತು, ಎಲ್ಲ ಸರಿಹೋಗುತ್ತಿತ್ತು, ಮುಂದಿನ ವರ್ಷದ ದುಡ್ಡೂ ಭದ್ರ. ಮೇಷ್ಟ್ರ ನಾಲಿಗೆಯ ತುದಿಗೆ ಆ ಮಾತು ಬಂದೂ ಇತ್ತು. ಪಕ್ಕದಲ್ಲಿ ದೀಪಿಕ ನಿಂತಿದ್ದಳು.

"ಊಂ ಕಣಣ್ಣ. ಮೊದಲ್ನೇ ನಾಟ್ಕದಿಂದ್ಲೂ."

ಕೆಂಪರಾಜು ನೆಟ್ಟಗಾದರು. ಹೆಗಲ ಮೇಲಿನ ಟವಲು ಸರಿಮಾಡಿಕೊಂಡರು, ಮೊಮ್ಮಗನ ತಲೆ ಸವರಿದರು, ಹೊರಟುಹೋದರು. ಸ್ಕೂಟರ್ ಅಲ್ಲೇ ಬಿಟ್ಟು ನಡೆದುಕೊಂಡು ಹೋದರು ಅನ್ನುವುದು ಆಮೇಲೆ ಗೊತ್ತಾಯಿತು.

ಪಾರ್ಟು ಬದಲಾಯಿತು. ರಾಜ ದೀಪಿಕ. ಪುನೀತನಿಗೆ ಬೇಜಾರಾಗಿರಬೇಕು ಅಂತ ಮೇಷ್ಟ್ರು ಪಕ್ಕಕ್ಕೆ ಕರೆದು ಮಾತಾಡಿಸಿದರೆ, ಅವನು ಉಸ್ಸೆಂದ. ತಾತನಿಗೋಸ್ಕರ ಹಾಡುತ್ತಿದ್ದೆ ಸಾರ್, ನನಗೆ ಕಾಮಿಕ್ ಪಾರ್ಟು ಕೊಡಿ ಅಂದ. ಕೊಟ್ಟರು. ಗಣರಾಜ್ಯೋತ್ಸವದ ಸಂಜೆ ಆ ಹುಡುಗ ನದಿಯನ್ನು ಬಿಂದಿಗೆಯಲ್ಲಿ ತುಂಬಿಸಿ ತರಲು ಹೊರಟ ಪೆದ್ದ ಸೇವಕನಾಗಿ ಬಂದು ಜನರ ಹೊಟ್ಟೆ ಹುಣ್ಣಾಗಿಸಿದ. ದೀಪಿಕ ಹೊಳೆ ಕರೆದಾಗ ಭವನದಲ್ಲಿ ಪಿಳ್ಳೆಗಳೂ ಅಳು ನಿಲ್ಲಿಸಿದ್ದವು. ಮೇಷ್ಟ್ರು ಶ್ರುತಿ ಒಂದನ್ನು ಹಿಡಿದುಕೊಂಡು ಸುಮ್ಮನೆ ಕೂತಿದ್ದರು. ಶಿವನಂಜಮ್ಮ ಹಾಸ್ಟೆಲಿನ ಏಪ್ರನ್ನು ಬಿಚ್ಚುವುದನ್ನೂ ಮರೆತು ಬಂದು ಗೋಡೆಗೆ ಒರಗಿ ನಿಂತು ಅಳುತ್ತಿದ್ದಳು. ಮುಂದಿನ ಸಾಲಿನಲ್ಲಿ ಸದಸ್ಯರಿಗೆ ಹಾಕಿದ್ದ ಒಂದು ಕುರ್ಚಿ ಖಾಲಿ ಇತ್ತು. ಮೇಷ್ಟ್ರು ಎಷ್ಟು ಬೇಡವೆಂದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಫೆಬ್ರವರಿ ಬಂತು. ಕೆಂಪರಾಜು ಮೇಷ್ಟ್ರ ಕಣ್ಣಿಗೆ ಬೀಳಲೇ ಇಲ್ಲ. ಗೊಬ್ಬರದ ಅಂಗಡಿಯ ಮುಂದೆ ಹೋದರೆ ಒಳಗೆ ಸರಿದುಬಿಡುತ್ತಿದ್ದರು. ವನಜಾ ಪಟ್ಟಿಯಲ್ಲಿ ತರಗತಿಯ ವಿಷಯ ಸೇರಿಸಿದ್ದಳು. ಆದರೆ ಎದ್ದು ಮಾತಾಡುವವರು ಬೇಕಲ್ಲ ಮೇಷ್ಟ್ರೇ, ನಾನು ನೌಕರಿಯವಳು, ನನ್ನ ಮಾತು ಅಲ್ಲಿಗೆ ನಿಲ್ಲುತ್ತದೆ ಅಂದಳು. ಮೇಷ್ಟ್ರು ತಲೆಯಾಡಿಸಿದರು. ಹದಿನೆಂಟು ಮಕ್ಕಳ ಮುಖ ಒಂದೊಂದಾಗಿ ಕಣ್ಣ ಮುಂದೆ ಬಂತು. ಮಾಡಿದ್ದು ಸರಿಯಾ ತಪ್ಪಾ ಅಂತ ಅವರಿಗೆ ಆಗಲೂ ಗೊತ್ತಾಗಲಿಲ್ಲ.

ಮೀಟಿಂಗಿನ ದಿನ ಅವರು ಹೋಗಿ ಸಭಾಂಗಣದ ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೂತರು. ನೀರು, ಕಸ, ದೀಪ, ಸಂತೆ ಸುಂಕ, ಎಲ್ಲ ಮುಗಿದು, ಮಕ್ಕಳ ಕಲಾ ತರಗತಿ ಅಂತ ಓದಿದರು. ಯಾರೋ, ಈ ಸಲ ಅದನ್ನು ಬಿಟ್ಟು ಆ ದುಡ್ಡನ್ನು ಪಾರ್ಕಿನ ಬೇಲಿಗೆ ಹಾಕೋಣ ಅಂದರು. ಯಾರೂ ಎದುರಾಡಲಿಲ್ಲ. ಆಗ ಕೆಂಪರಾಜು ಎದ್ದು ನಿಂತರು. ಎದ್ದರೆ ಪದ್ಯ ಗ್ಯಾರಂಟಿ. ಒಂದು ಹಾಡಾಗಲಿ ರಾಜಪಾರ್ಟು ಅಂತ ಪಕ್ಕದವರು ಆಗಲೇ ಮೇಜು ಕುಟ್ಟಿದರು.

"ನಂಗೆ ಹಾಡಕ್ಕೆ ಬರಕ್ಕಿಲ್ಲ," ಅಂದರು ಕೆಂಪರಾಜು.

ಸಭೆ ಗೊಳ್ಳೆಂದು ನಕ್ಕಿತು. ಕೆಂಪರಾಜು ನಗಲಿಲ್ಲ. ಅವರು ನಗುತ್ತಿಲ್ಲ ಅನ್ನುವುದು ಗೊತ್ತಾಗಿ ಒಬ್ಬೊಬ್ಬರೇ ಸುಮ್ಮನಾದರು.

"ಓದ್ ವರ್ಸ ಕಲಾವಿದ ಅಂತ ಎದೆ ತಟ್ಕಂಡು ಈ ದುಡ್ಡು ಕೇಳಿದ್ದೆ. ನಾನು ಕಲಾವಿದ ಅಲ್ಲ. ಮೂವತ್ತು ವರ್ಸ ದುಡ್ ಕೊಟ್ಟು ಪಾರ್ಟು ತಗಂಡೋನು. ದುಡ್ ಈಸ್ಕಂಡೋರು, ನಿಂಗೆ ಬರಕ್ಕಿಲ್ಲ ಕಣಯ್ಯ ಅಂತ ಎಂಗೆ ಏಳಾರು? ಚಿಕ್ಕೋನಾಗಿದ್ದಾಗ ಯಾರಾರ ಬಿಟ್ಟಿ ಕಲ್ಸಿದ್ರೆ, ಬತ್ತದೋ ಇಲ್ವೋ ಅವತ್ತೇ ಗೊತ್ತಾಗಿರದು. ನಮ್ಮೂರ್ ಐಕ್ಳಿಗಾರ ಗೊತ್ತಾಗ್ಲಿ. ಅದ್ಕೇ ಈ ದುಡ್ಡು ಇರ್‍ಬೇಕು."

ಅಷ್ಟೇ ಹೇಳಿ ಕೂತರು. ಬೇಲಿಯ ಮಾತೆತ್ತಿದವರು ಕನ್ನಡಕ ಒರೆಸಿಕೊಂಡರು. ಅಧ್ಯಕ್ಷರು ಎಲ್ಲರ ಮುಖ ನೋಡಿ, ಇರಲಿ ಬಿಡಿ, ಈ ವರ್ಷವೂ ನಡೀಲಿ ಅಂದರು. ಬೇಡ ಅಂದವರು ಯಾರೂ ಇಲ್ಲ. ವನಜಾ ಬರೆದುಕೊಂಡಳು. ಬಾಗಿಲ ಹತ್ತಿರ ಮೇಷ್ಟ್ರು ಹೆಗಲ ಮೇಲಿನ ವಸ್ತ್ರದಲ್ಲಿ ಮುಖ ಮುಚ್ಚಿಕೊಂಡಿದ್ದರು.

ಮೀಟಿಂಗು ಮುಗಿದು ಹೊರಗೆ ಬಂದ ಕೆಂಪರಾಜು ಬೆಂಚಿನ ಮುಂದೆ ನಿಂತರು. ಮೇಷ್ಟ್ರು ಎದ್ದು ಕೈ ಮುಗಿದರು, ತಪ್ಪಾಯಿತು ಅನ್ನಲು ಬಾಯಿ ತೆರೆದರು. ಕೆಂಪರಾಜು ಬೇಡ ಅಂತ ಕೈ ಅಡ್ಡ ಮಾಡಿದರು. ನಿಮ್ಮ ಜೊತೆ ಮಾತಾಡಲು ನನಗಿನ್ನೂ ಮನಸ್ಸಿಲ್ಲ ಅಂತ ನೇರವಾಗಿ ಹೇಳಿ, ಮೆಟ್ಟಿಲಿಳಿದು, ನಾಲ್ಕು ಹೆಜ್ಜೆ ಹೋಗಿ, ಹಿಂದೆ ತಿರುಗದೆಯೇ ಕೇಳಿದರು, ತರಗತಿ ಶನಿವಾರ ಎಷ್ಟು ಗಂಟೆಗೆ ಅಂತ.

ಮೇಷ್ಟ್ರು ಐದು ಗಂಟೆಗೆ ಅಂದರು.

ಶನಿವಾರ ಐದಕ್ಕೆ ಐದು ನಿಮಿಷವಿರುವಾಗ ಅವರು ಬಂದರು. ಮುಂದಿನ ಕುರ್ಚಿಗೆ ಬರಲಿಲ್ಲ. ಹಿಂದೆ, ಹೊಸದಾಗಿ ಸೇರಿದ್ದ ಮೂರನೇ ಕ್ಲಾಸಿನ ಮಕ್ಕಳ ಸಾಲಿನಲ್ಲಿ, ಚಾಪೆಯ ಮೇಲೆ ಮಂಡಿ ಹಿಡಿದುಕೊಂಡು ಕಷ್ಟಪಟ್ಟು ಕೂತರು. ಪುನೀತ್ ಕಿಸಕ್ಕೆಂದವನು ತಾತನ ಮುಖ ನೋಡಿ ಗಪ್‌ಚಿಪ್ ಆದ. ಮೇಷ್ಟ್ರು ಸ ಅಂದರು. ಮಕ್ಕಳೆಲ್ಲ ಸ ಅಂದರು. ಮಕ್ಕಳು ನಿಲ್ಲಿಸಿದ ಮೇಲೂ ಹಿಂದಿನಿಂದ ಒಂದು ದಪ್ಪ ದನಿ ಉಳಿದುಕೊಂಡಿತ್ತು. ಕೆಳಗಿನ ಸ ಕೂಡ ಅದಕ್ಕೆ ಸಿಕ್ಕಿರಲಿಲ್ಲ, ಒಂದು ಕೂದಲೆಳೆ ಕೆಳಗಿತ್ತು. ಆದರೆ ಗಂಟಲಿನಿಂದಲೇ ಬರುತ್ತಿತ್ತು.

ಮೇಷ್ಟ್ರ ಬಲಗೈ ಅದರಷ್ಟಕ್ಕೆ ಅದೇ ಪೆಟ್ಟಿಗೆಯ ಕಡೆ ಹೋಯಿತು, ಆ ದನಿಯನ್ನು ಎತ್ತಿ ಕೂರಿಸಲು. ಅವರು ಕೈಯನ್ನು ಹಿಂದಕ್ಕೆ ತೆಗೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡರು.

"ಸ್ವಲ್ಪ ಕೆಳಗದೆ ಕಣಣ್ಣ," ಅಂದರು. "ಇನ್ನೊಂದ್ಸಲ."